ಬಲದಿಂದ ಎಡಕ್ಕೆ ಹರಿದ ಡ್ಯಾನ್ಯೂಬ್

ನಮ್ಮ ಮನೆಯ ಅಡುಗೆಕೋಣೆಯಲ್ಲಿ ಜೀರಿಗೆ ಇರುವುದು ಆಸ್ಟ್ರಿಯಾದ ಬಾಟಲಿಯಲ್ಲಿ. ಮೆಂತೆ, ಸಾಸಿವೆ, ಕರಿಮೆಣಸು, ಊರಿನಿಂದ ತಂದ ಒಣ ಸಿಗಡಿಯ ಚಟ್ನಿಪುಡಿ, ಎಲ್ಲವೂ ಅಂಥದೇ ಬಾಟಲಿಗಳಲ್ಲಿ. ಒಂದು ಕಾಲದಲ್ಲಿ ಅವುಗಳಲ್ಲಿ ಏಪ್ರಿಕಾಟ್ ಹಣ್ಣಿನ ಜಾಮ್ ಇತ್ತು. ಜಾಮ್ ಮುಗಿದರೂ ಲೇಬಲ್ ಕೀಳಬಾರದೆಂದು ನಾನು ಹೆಂಡತಿಗೆ ತಾಕೀತು ಮಾಡಿದ್ದೇನೆ. ಲೇಬಲ್ಲಿನ ಮೇಲೆ ಒಂದು ನೀಲಿ ನದಿ, ದಡದಲ್ಲಿ ಮೆಟ್ಟಿಲು ಮೆಟ್ಟಿಲಾದ ದ್ರಾಕ್ಷಿ ತೋಟ, ಗುಡ್ಡದ ನೆತ್ತಿಯಲ್ಲಿ ಅರ್ಧ ಬಿದ್ದ ಕೋಟೆ. ರಿಯಾದಿನ ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ ಬಂದವರು ಚಹಾಕ್ಕೆ ಕಾಯುತ್ತ ಆ ಸಾಲನ್ನು ನೋಡುತ್ತಾರೆ. ನೋಡಿದ ಮೇಲೆ ಕೇಳಿಯೇ ಕೇಳುತ್ತಾರೆ.

“ಹಮೀದಾಕ, ನೀವು ಆಸ್ಟ್ರಿಯಾಕ್ಕೆ ಹೋದದ್ದುಂಟಾ?”

ಉಂಟು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡಲು ನನಗೆ ಇವತ್ತಿನವರೆಗೂ ಸಾಧ್ಯವಾಗಿಲ್ಲ. ಇಲ್ಲ ಎಂದರೆ ಸುಳ್ಳು ಹೇಳಿದ ಹಾಗೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಉಂಟು ಎನ್ನೋಣವೆಂದರೆ ಪಾಸ್‌ಪೋರ್ಟಿನಲ್ಲಿ ಇರುವುದು ಮಂಗಳೂರಿನ ಮತ್ತು ರಿಯಾದಿನ ಮುದ್ರೆಗಳು ಮಾತ್ರ. ನಾನು ತಡವರಿಸುವುದನ್ನು ಕೇಳಿ ಒಳಗಿನಿಂದ ನನ್ನ ಹೆಂಡತಿ ಝುಬೈದಾ ಉತ್ತರ ಕೊಟ್ಟುಬಿಡುತ್ತಾಳೆ.

“ಇವರಾ? ಇವರಿಗೆ ಬತ್ಹಾ ಪೇಟೆಯಲ್ಲಿ ಕಾರು ನಿಲ್ಲಿಸಿದ್ದು ಎಲ್ಲಿ ಅಂತ ನೆನಪಿರುವುದಿಲ್ಲ. ಆಸ್ಟ್ರಿಯಾದ್ದು ಕೇಳಿ, ಬಾಯಿಪಾಠ ಉಂಟು.”

ಬಾಯಿಪಾಠವಾದದ್ದು ಹೀಗೆ. ನಾನು ಕೆಲಸ ಮಾಡುವುದು ಟೈಲ್ಸ್, ನಲ್ಲಿ, ವಾಶ್‌ಬೇಸಿನ್ ಮಾರುವ ಒಂದು ಕಂಪನಿಯಲ್ಲಿ. ಟೈಪಿಸ್ಟ್ ಆಗಿ ಸೇರಿದವನು. ಊರಿನ ಮದ್ರಸದಲ್ಲಿ ಕಲಿತ ಅರಬಿ ಅಕ್ಷರ ಕೈಹಿಡಿದದ್ದರಿಂದ ಅರಬಿಯಲ್ಲೂ ಟೈಪ್ ಮಾಡತೊಡಗಿ, ಹಾಗೆಯೇ ಮಾಲೀಕರ ಸೆಕ್ರೆಟರಿಯಾದೆ. ಮಾಲೀಕರನ್ನು ಎಲ್ಲರೂ ಕರೆಯುವುದು ಅಬೂ ನಾಸಿರ್ ಎಂದು. ನಾಸಿರ್ ಎಂಬ ಹಿರಿಯ ಮಗನ ಅಪ್ಪ ಎಂದರ್ಥ. ಅವರ ಹೆಂಡತಿ ಉಮ್ಮು ನಾಸಿರ್. ರಿಯಾದಿನಲ್ಲಿ ಬಿಸಿಲು ಏರಿ ಕಾರಿನ ಬಾಗಿಲಿನ ಹಿಡಿ ಮುಟ್ಟಲಾರದಂತಾದಾಗ ಈ ಗಂಡಹೆಂಡಿರು ಹದಿನೈದು ದಿನ ಆಸ್ಟ್ರಿಯಾಕ್ಕೆ ಹೋಗುತ್ತಿದ್ದರು. ಮಕ್ಕಳು ಚಿಕ್ಕವರಿದ್ದಾಗ ಅವರನ್ನು ಕಟ್ಟಿಕೊಂಡು, ಆಮೇಲೆ ಇಬ್ಬರೇ. ಹೋಟೆಲಿನಿಂದ ಹಿಡಿದು ಯಾವ ದಿನ ಯಾವ ಊರು, ಎಷ್ಟು ಗಂಟೆಗೆ ಯಾವ ಅರಮನೆ ಎಂದು ಬರೆದುಕೊಡುವ ಕೆಲಸ ನನ್ನದು. ಆ ಕಾಗದಕ್ಕೆ ಆಫೀಸಿನಲ್ಲಿ ‘ಬರ್ನಾಮಜ್’ ಎನ್ನುತ್ತಾರೆ. ಕಾರ್ಯಕ್ರಮದ ಪಟ್ಟಿ ಎಂದಿಟ್ಟುಕೊಳ್ಳಿ.

ನನ್ನ ಬರ್ನಾಮಜ್ ನೋಡಿದರೆ ನಿಮಗೂ ದಣಿವಾದೀತು. ಕಾಲು ಕಾಲು ಗಂಟೆಗೆ ಒಂದೊಂದು ಕೆಲಸ. ಹತ್ತೂ ಕಾಲಿಗೆ ವಿಯೆನ್ನಾದ ದೊಡ್ಡ ಅರಮನೆ, ಹನ್ನೊಂದೂವರೆಗೆ ಅದರ ತೋಟ, ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಶೌಚಾಲಯ, ಯಾಕೆಂದರೆ ತೋಟದ ಆಚೆ ಗೇಟಿನ ಬಳಿ ಅದು ಇಲ್ಲ. ಇಷ್ಟೆಲ್ಲ ನನಗೆ ಹೇಗೆ ಗೊತ್ತಾಯಿತು ಎಂದರೆ, ನಕ್ಷೆ ನೋಡಿ, ಹೋಗಿ ಬಂದವರು ಬರೆದದ್ದನ್ನು ಓದಿ, ಕೊನೆಗೆ ಅರಮನೆಗೇ ಫೋನ್ ಮಾಡಿ. ಅಲ್ಲಿನ ಹೆಂಗಸು ಶೌಚಾಲಯದ ವಿಷಯಕ್ಕೆ ರಿಯಾದಿನಿಂದ ಫೋನ್ ಬಂದದ್ದು ಇದೇ ಮೊದಲು ಎಂದಳು.

ಮೊದಲ ವರ್ಷವೇ ಉಮ್ಮು ನಾಸಿರ್ ಆಫೀಸಿಗೆ ಫೋನ್ ಮಾಡಿದ್ದರು. ಅವರ ಮುಖವನ್ನು ನಾನು ನೋಡಿದವನಲ್ಲ, ದನಿ ಮಾತ್ರ ಗೊತ್ತು. ಸಣ್ಣ ದನಿ, ನಗು ಬೆರೆತದ್ದು. “ಹಮೀದ್, ಪಟ್ಟಿ ಬಹಳ ಚೆನ್ನಾಗಿದೆ. ಆದರೆ ಇದರಲ್ಲಿ ಸುಮ್ಮನೆ ಕೂರುವುದಕ್ಕೆ ಎಲ್ಲಿ ಬರೆದಿದ್ದೀಯ?” ಎಂದು ಕೇಳಿದರು. ನಾನು ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ಹುಡುಕಿದೆ. ಮರುವರ್ಷ ಬುಧವಾರ ಮೂರೂವರೆಯಿಂದ ಮೂರೂ ಮುಕ್ಕಾಲಿನವರೆಗೆ ‘ಸುಮ್ಮನೆ ಕೂರುವುದು’ ಎಂದು ಸೇರಿಸಿದೆ. ಅದನ್ನು ಓದಿ ಅವರು ಇನ್ನಷ್ಟು ನಕ್ಕರಂತೆ. ನಕ್ಕದ್ದು ಯಾಕೆ ಎಂದು ನನಗೆ ಆಗ ತಿಳಿಯಲಿಲ್ಲ.

ಬರೆದುಕೊಟ್ಟಲ್ಲಿಗೆ ಕೆಲಸ ಮುಗಿಯುತ್ತಿರಲಿಲ್ಲ. ದಾರಿ ತಪ್ಪಿದಾಗಲೆಲ್ಲ ಅಬೂ ನಾಸಿರ್ ಫೋನ್ ಮಾಡುವುದು ನನಗೇ. ಕೈಯಲ್ಲಿ ದಾರಿ ತೋರಿಸುವ ಮೊಬೈಲ್ ಇದ್ದರೂ ಅದರ ಮಾತಿನಲ್ಲಿ ಅವರಿಗೆ ನಂಬಿಕೆ ಇಲ್ಲ. “ಯಾ ಹಮೀದ್, ನಾವು ಎಲ್ಲಿದ್ದೇವೆ?” ಎಂದು ಶುರು. ಅವರ ಅರಬಿಯನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದರೆ ಗದರಿಕೆಯನ್ನು ಬರೆಯಲು ಬರುವುದಿಲ್ಲ. ಒಂದು ಸಲ ನಾನು ಬತ್ಹಾದ ತರಕಾರಿ ಅಂಗಡಿಯಲ್ಲಿ ನುಗ್ಗೆಕಾಯಿ ಆರಿಸುತ್ತಿದ್ದೆ. ಅವರು ಸಾಲ್ಸ್‌ಬರ್ಗಿನ ಒಂದು ಚೌಕದಲ್ಲಿ ಕಳೆದುಹೋಗಿದ್ದರು. “ಎದುರಿಗೆ ಏನು ಕಾಣುತ್ತದೆ?” ಎಂದೆ. “ಕಲ್ಲಿನ ಕುದುರೆಗಳು, ನೀರು ಉಗುಳುತ್ತಿವೆ” ಎಂದರು. “ಹಾಗಾದರೆ ಕುದುರೆಗಳನ್ನು ಬೆನ್ನಿಗೆ ಹಾಕಿ ಎಡಕ್ಕೆ ತಿರುಗಿ, ಕಮಾನಿನ ಕೆಳಗೆ ಹೋಗಿ, ಬೆಟ್ಟದ ಕೋಟೆಗೆ ಹೋಗುವ ಸಣ್ಣ ರೈಲು ಅಲ್ಲೇ ಇದೆ” ಎಂದೆ. ಹತ್ತು ನಿಮಿಷದಲ್ಲಿ “ಸಿಕ್ಕಿತು” ಎಂದರು. ನಾನು ಮನೆಗೆ ಬಂದಾಗ ಝುಬೈದಾ ಚೀಲ ಬಿಚ್ಚಿ ನೋಡಿ, “ಇದೆಂತ, ನುಗ್ಗೆಕಾಯಿಯಾ ಕೋಲಾ? ಎಲ್ಲ ಒಣಗಿ ಹೋಗಿದೆಯಲ್ಲ” ಎಂದಳು.

ಹೀಗೆ ವರ್ಷ ವರ್ಷ ನಡೆದರೆ ಏನಾಗುತ್ತದೆ ಹೇಳಿ. ಆ ಕಮಾನಿನ ಕೆಳಗಿನ ತಂಪು ನನಗೆ ಗೊತ್ತು. ವಿಯೆನ್ನಾದ ಟ್ರಾಮಿನ ಮೆಟ್ಟಿಲು ಎಷ್ಟು ಎತ್ತರ, ಮಂಡಿನೋವಿನವರು ಯಾವ ಬಾಗಿಲಿನಿಂದ ಹತ್ತಬೇಕು ಎಂಬುದೂ ಗೊತ್ತು. ಕನಸಿನಲ್ಲಿ ನಾನು ಆ ಬೀದಿಗಳಲ್ಲಿ ಲುಂಗಿ ಉಟ್ಟು ಓಡಾಡಿದ್ದೇನೆ. ಹೋಗಿ ನೋಡಿಬರಬಾರದೇ ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ರಜೆ ಎಂದರೆ ಊರು. ಹತ್ತಿರದ ಸಂಬಂಧಿಕರು ಒಬ್ಬರೂ ಇಲ್ಲದ, ಒಂದು ಮದುವೆಯ ಊಟವೂ ಇಲ್ಲದ ದೇಶಕ್ಕೆ ರಜೆ ಹಾಕಿ ಹೋಗುವುದು ಯಾಕೆ ಎಂದು ಝುಬೈದಾ ಕೇಳುತ್ತಾಳೆ.

ಇಲ್ಲಿ ನನ್ನ ಊರಿನ ನದಿಯ ಸುದ್ದಿ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ನನಗೇ ಅರ್ಧ ಅರ್ಥವಾದದ್ದು. ನಾನು ಹುಟ್ಟಿದ್ದು ಬಂಟ್ವಾಳದ ಹತ್ತಿರ, ನೇತ್ರಾವತಿಯ ದಕ್ಷಿಣದ ದಡದಲ್ಲಿ. ಮನೆ, ಮಸೀದಿ, ಮದ್ರಸ ಈಚೆ ದಡ. ಕನ್ನಡ ಶಾಲೆ ಆಚೆ ದಡ. ನಡುವೆ ನದಿ ದಾಟುವ ಕಡವಿನಲ್ಲಿ ಸಂಜೀವಣ್ಣನ ದೋಣಿ. ಬೆಳಿಗ್ಗೆ ಮದ್ರಸದಲ್ಲಿ ಬಲದಿಂದ ಎಡಕ್ಕೆ ಅಲಿಫ್, ಬಾ ಬರೆದು, ದೋಣಿ ದಾಟಿ, ಶಾಲೆಯಲ್ಲಿ ಎಡದಿಂದ ಬಲಕ್ಕೆ ಅ, ಆ ಬರೆಯಬೇಕು. ನಮ್ಮ ದಡದಲ್ಲಿ ನಿಂತು ನೋಡಿದರೆ ನದಿ ಬಲಗೈಯ ಕಡೆಯಿಂದ ಎಡಗೈಯ ಕಡೆಗೆ ಹೋಗುತ್ತಿತ್ತು. ಶಾಲೆಯ ದಡದಲ್ಲಿ ನಿಂತರೆ ಎಡಗೈಯಿಂದ ಬಲಗೈಗೆ. ಇದನ್ನು ನಾನು ನಾಲ್ಕನೇ ಕ್ಲಾಸಿನ ತನಕ ಹೀಗೆ ತಿಳಿದುಕೊಂಡಿದ್ದೆ: ನದಿ ನಮ್ಮ ಕಡೆ ಅರಬಿಯಲ್ಲಿ ಹರಿಯುತ್ತದೆ, ಶಾಲೆಯ ಕಡೆ ಕನ್ನಡದಲ್ಲಿ.

ಹಾಗಾದರೆ ಅದು ಭಾಷೆ ಬದಲಿಸುವುದು ಎಲ್ಲಿ? ಅದನ್ನು ಕಣ್ಣಾರೆ ಕಾಣಬೇಕೆಂದು ಒಂದು ದಿನ ನಡುನೀರಿನಲ್ಲಿ ದೋಣಿಯಲ್ಲಿ ಎದ್ದು ನಿಂತೆ. ಸಂಜೀವಣ್ಣ ಅಂಗಿ ಹಿಡಿದು ಕೂರಿಸಿದ.

“ಎಂತ ಮಾರಾಯ, ದೋಣಿ ಮಗುಚಿದ್ರೆ ನಿನ್ನ ಉಮ್ಮನಿಗೆ ನಾನು ಎಂತ ಹೇಳುವುದು?”

ಕಾರಣ ಹೇಳಿದೆ. ಅವನು ಜಲ್ಲೆ ಊರುವುದನ್ನು ಬಿಟ್ಟು, ಬಾಯಲ್ಲಿದ್ದ ಬೀಡಿ ನೀರಿಗೆ ಬೀಳುವ ಹಾಗೆ ನಕ್ಕ. “ನದಿ ಎಲ್ಲಿ ತಿರುಗುವುದು? ಅದು ಅದರ ಪಾಡಿಗೆ ಹೋಗ್ತಾ ಉಂಟು. ತಿರುಗಿ ನಿಂತದ್ದು ನೀನು.” ದೋಣಿಯಲ್ಲಿದ್ದವರೆಲ್ಲ ನಕ್ಕರು. ಆ ಬೀಡಿಗಾಗಿ ಅವನು ನನ್ನನ್ನು ಒಂದು ವಾರ ಬೈದ.

ದಡದ ಗೊಂದಲ ಹೋದರೂ ಇನ್ನೊಂದು ನಂಬಿಕೆ ಉಳಿಯಿತು. ನಮ್ಮೂರಿನಲ್ಲಿ ನದಿ ಹೋಗುವುದು ಪಶ್ಚಿಮಕ್ಕೆ, ನಮಾಜಿಗೆ ಮುಖ ಮಾಡುವ ಮಕ್ಕಾದ ದಿಕ್ಕು, ಕಿಬ್ಲಾ, ಅದೂ ಪಶ್ಚಿಮಕ್ಕೆ. ಕರಾವಳಿಯಲ್ಲಿ ಹುಟ್ಟಿದವನಿಗೆ ನದಿ ಎಂದರೆ ಸೂರ್ಯ ಮುಳುಗುವ ಕಡೆಗೆ ಹೋಗುವ ವಸ್ತು. ಬೇರೆ ಕಡೆಗೂ ಹೋಗುವ ನದಿಗಳಿವೆ ಎಂದು ಪರೀಕ್ಷೆಗೆ ಓದಿ ಬರೆದಿದ್ದೇನೆ, ಅಂಕವನ್ನೂ ತೆಗೆದಿದ್ದೇನೆ; ಮೈಗೆ ಹತ್ತಿಲ್ಲ ಅಷ್ಟೆ. ರಿಯಾದಿಗೆ ಬಂದ ಹೊಸದರಲ್ಲಿ ಗೆಳೆಯರು ಶುಕ್ರವಾರ ವಾದಿ ಹನೀಫಾಕ್ಕೆ ಬಿರಿಯಾನಿ ಕಟ್ಟಿಕೊಂಡು ಕರೆದೊಯ್ದರು. ಮರುಭೂಮಿಯ ಕಣಿವೆ, ನಡುವೆ ಮೊಣಕಾಲುದ್ದ ನೀರು. ನಾನು ಕೂಡಲೇ ಕೇಳಿದ್ದು, “ಇದು ಯಾವ ಕಡೆಗೆ ಹರಿಯುವುದು?” ಒಬ್ಬ ಕೋಳಿಯ ಕಾಲು ಕಚ್ಚುತ್ತ, “ಅದು ಹರಿದರಲ್ಲವಾ ಹೇಳುವುದು ಮಾರಾಯ, ತಿನ್ನು” ಎಂದ.

ಇಷ್ಟು ಸಾಮಾನು ತಲೆಯಲ್ಲಿ ತುಂಬಿಕೊಂಡವನು ಡ್ಯಾನ್ಯೂಬ್ ನದಿಯ ಬರ್ನಾಮಜ್ ಬರೆದ. ಹತ್ತು ವರ್ಷದ ಹಿಂದಿನ ಮಾತು. ಮೆಲ್ಕ್ ಮತ್ತು ಕ್ರೆಮ್ಸ್ ಎಂಬ ಎರಡು ಹಳೆಯ ಊರುಗಳ ನಡುವೆ ಆ ನದಿಯ ಕಣಿವೆ ಇದೆ. ಬಾಟಲಿಯ ಲೇಬಲ್ಲಿನಲ್ಲಿರುವುದು ಅದೇ. ದೋಣಿಯಲ್ಲಿ, ಅಂದರೆ ಇನ್ನೂರು ಜನ ಕೂರುವ ದೊಡ್ಡ ದೋಣಿಯಲ್ಲಿ, ಒಂದೂರಿನಿಂದ ಇನ್ನೊಂದೂರಿಗೆ ನೋಡುತ್ತ ಹೋಗುವುದು. ನಕ್ಷೆಯಲ್ಲಿ ಕ್ರೆಮ್ಸ್ ಬಲಕ್ಕೆ, ಮೆಲ್ಕ್ ಎಡಕ್ಕೆ. ನದಿಗೆ ಬಾಣದ ಗುರುತು ಇರಲಿಲ್ಲ. ಬೇಕೆಂದು ನನಗೆ ಅನಿಸಲೂ ಇಲ್ಲ, ನದಿ ಪಶ್ಚಿಮಕ್ಕೆ ತಾನೇ ಹೋಗುವುದು! ಅರಬಿ ಪಟ್ಟಿಯೂ ಬಲದಿಂದಲೇ ಶುರುವಾಗುವುದು. ಕ್ರೆಮ್ಸ್‌ನಿಂದ ಹೊರಟು ಹರಿವಿನೊಂದಿಗೆ ತೇಲುತ್ತ ಎರಡು ಗಂಟೆಯೊಳಗೆ ಮೆಲ್ಕ್ ತಲುಪುವುದು, ಅಲ್ಲಿ ಡ್ರೈವರ್ ಕಾದಿರುವುದು ಎಂದು ಬರೆದೆ. ಮೇಲೆ ಒಂದು ನೀಲಿ ಗೆರೆ ಎಳೆದು, ಬಲದಿಂದ ಎಡಕ್ಕೆ ಬಾಣವನ್ನೂ ಹಾಕಿದೆ. ದೋಣಿಯ ವೇಳಾಪಟ್ಟಿಯಲ್ಲಿ ಹೋಗುವುದಕ್ಕೆ ಒಂದು ಸಾಲು, ಬರುವುದಕ್ಕೆ ಒಂದು ಸಾಲು ಇತ್ತು. ಬಲದಿಂದ ಓದುವ ಅಭ್ಯಾಸದಲ್ಲಿ ಅದನ್ನೂ ತಿರುಗಾಮುರುಗಾ ಓದಿದ್ದೆ.

ಡ್ಯಾನ್ಯೂಬ್ ಹರಿಯುವುದು ಪೂರ್ವಕ್ಕೆ.

ದೋಣಿ ಹರಿವಿಗೆ ಎದುರಾಗಿ ಏರತೊಡಗಿತು. ಎರಡು ಗಂಟೆಯಾದರೂ ಮೆಲ್ಕ್ ಇಲ್ಲ. ನಾನು ಆಫೀಸಿನಲ್ಲಿ ಯಾರಿಗೋ ವಾಶ್‌ಬೇಸಿನ್ನಿನ ಬಿಲ್ ಮಾಡುತ್ತಿದ್ದಾಗ ಫೋನ್ ಬಂತು.

“ಹಮೀದ್, ನಾವು ಎಲ್ಲಿದ್ದೇವೆ? ಇವಳಿಗೆ ಕೂತು ಕೂತು ಬೆನ್ನು ನೋವು. ಅಸರ್ ನಮಾಜಿನ ಹೊತ್ತಾಯಿತು. ದೋಣಿ ಯಾವುದೋ ಹಳ್ಳಿಯಲ್ಲಿ ನಿಂತಿದೆ, ನಾವು ಇಳಿಯುತ್ತಿದ್ದೇವೆ. ಇದು ನಿನ್ನ ಪಟ್ಟಿಯಲ್ಲಿ—”

ಅಷ್ಟಕ್ಕೇ ಮಾತು ನಿಂತಿತು. ಮೊಬೈಲಿನ ಬ್ಯಾಟರಿ ಮುಗಿದಿತ್ತೆಂದು ಆಮೇಲೆ ತಿಳಿಯಿತು. ಮೂರು ಗಂಟೆ ಕಾಲ ಸುದ್ದಿಯಿಲ್ಲ. ನಾನು ನಕ್ಷೆ ಹರಡಿಕೊಂಡು ತಪ್ಪನ್ನು ಕಂಡುಹಿಡಿದೆ. ಅಷ್ಟು ವಯಸ್ಸಿನ ಇಬ್ಬರನ್ನು ಭಾಷೆ ಗೊತ್ತಿಲ್ಲದ ದಡದಲ್ಲಿ ಇಳಿಸಿದವನಿಗೆ ಕೆಲಸ ಉಳಿಯುತ್ತದೆಯೇ? ಮನೆಗೆ ಫೋನ್ ಮಾಡಿ, “ಊರಿಗೆ ಹೋಗುವ ತಯಾರಿ ಮಾಡು” ಎಂದೆ. ಝುಬೈದಾ, “ಹೌದಾ? ರಜೆ ಸಿಕ್ಕಿತಾ?” ಎಂದು ಖುಷಿಪಟ್ಟಳು.

ಸಂಜೆ ಡ್ರೈವರ್ ಅವರನ್ನು ಹೇಗೋ ಪತ್ತೆ ಮಾಡಿದ. ಹದಿನೈದು ದಿನ ಮುಗಿಸಿ ಅಬೂ ನಾಸಿರ್ ಆಫೀಸಿಗೆ ಬಂದರು. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ಅವರು ಒಂದು ಮಾತೂ ಆಡದೆ ನನ್ನ ಮೇಜಿನ ಮೇಲೆ ಜಾಮಿನ ಬಾಟಲಿ ಇಟ್ಟರು. ಪ್ರತಿ ವರ್ಷ ತರುವುದು ಒಂದು. ಆ ವರ್ಷ ಎರಡು. ನನಗೆ ತಲೆಬುಡ ತಿಳಿಯಲಿಲ್ಲ. ಇದು ಅಣಕವೋ, ಎಚ್ಚರಿಕೆಯೋ, ಕೆಲಸದಿಂದ ತೆಗೆಯುವ ಮುಂಚಿನ ಮರ್ಯಾದೆಯೋ? ಝುಬೈದಾಳನ್ನು ಕೇಳಿದರೆ, “ಎರಡಕ್ಕೆ ಏನಾದರೂ ಕಡಿಮೆ ಬೆಲೆ ಇಟ್ಟಿರಬೇಕು, ತಿನ್ನಿ” ಎಂದಳು. ತಿಂದೆ. ಒಂದರಲ್ಲಿ ಈಗ ಜೀರಿಗೆ, ಇನ್ನೊಂದರಲ್ಲಿ ಸಿಗಡಿಯ ಪುಡಿ. ಆ ದಿನದ ಬಗ್ಗೆ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮತ್ತೆಂದೂ ಅವರ ಪಟ್ಟಿಯಲ್ಲಿ ದೋಣಿಯ ಹೆಸರನ್ನು ನಾನು ಬರೆಯಲಿಲ್ಲ.

ಉಮ್ಮು ನಾಸಿರ್ ತೀರಿಕೊಂಡು ಎರಡು ವರ್ಷವಾಯಿತು. ಹೋದ ವರ್ಷ ಆಸ್ಟ್ರಿಯಾ ಇಲ್ಲ, ಜಾಮ್ ಇಲ್ಲ. ಅಬೂ ನಾಸಿರ್ ಆಫೀಸಿಗೆ ಬರುವುದು ಕಡಿಮೆಯಾಯಿತು, ವ್ಯವಹಾರವೆಲ್ಲ ಮಗ ನಾಸಿರನ ಕೈಗೆ ಬಂತು. ಈ ಬೇಸಿಗೆಯಲ್ಲಿ ಮುದುಕರು ಇದ್ದಕ್ಕಿದ್ದಂತೆ ನಾಲ್ಕು ದಿನದ ಬರ್ನಾಮಜ್ ಬೇಕೆಂದರು. ನಾಸಿರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದ.

“ಅಪ್ಪನಿಗೆ ಒಂದಕ್ಕೊಂದು ಕಲಸಿಹೋಗುತ್ತಿದೆ. ಮೊನ್ನೆ ಎರಡು ಸಲ ಅಮ್ಮನಿಗೂ ಕಾಫಿ ತನ್ನಿ ಎಂದರು. ಡಾಕ್ಟರಿಗೆ ತೋರಿಸಬೇಕು ಎಂದರೆ ಒಪ್ಪುವುದಿಲ್ಲ. ಹೋಗಿ ಬರಲಿ, ವಿಯೆನ್ನಾದಲ್ಲಿ ಈಜಿಪ್ಟಿನ ಡ್ರೈವರ್ ಇದ್ದಾನೆ. ಅಲ್ಲಿಯೂ ಹೀಗೇ ಆದರೆ, ಇದೇ ಕೊನೆ. ಮುಂದೆ ಅವರೇ ಕೇಳಿದರೂ ನೀನು ಪಟ್ಟಿ ಬರೆಯಕೂಡದು.”

ಎರಡನೇ ದಿನ ವಿಯೆನ್ನಾದಿಂದ ಫೋನ್ ಬಂತು. “ಹಮೀದ್, ನೀನು ತಪ್ಪು ಬರೆದ ದಿನ ನಾವು ಇಳಿದದ್ದು ಎಲ್ಲಿ?”

ಹತ್ತು ವರ್ಷ ಬಚ್ಚಿಟ್ಟ ತಪ್ಪು ಎದುರಿಗೆ ಬಂದು ನಿಂತಿತು. ಎಲ್ಲಿ ಇಳಿದರೆಂದು ನನಗೆ ಹೇಗೆ ಗೊತ್ತಿರಬೇಕು? ಆಗಿನ ಡ್ರೈವರನ್ನು ಕೇಳೋಣವೆಂದರೆ ಅವನು ಈಗ ಎಲ್ಲಿದ್ದಾನೋ. ಊರುಗಳ ಹೆಸರು ಹೇಳುತ್ತ ಹೋದೆ. ಅವರಿಗೆ ಒಂದೂ ನೆನಪಿಲ್ಲ. “ಹೆಸರು ನಿನ್ನ ಕೆಲಸ. ನಾನು ಹೆಸರು ನೋಡಿದವನಲ್ಲ” ಎಂದರು. ಅವರಿಗೆ ನೆನಪಿದ್ದದ್ದು ನದಿಯ ದಡದಲ್ಲಿ ಒಂದು ಮರದ ಬೆಂಚು, ಹಿಂದೆ ಏಪ್ರಿಕಾಟ್ ಮರಗಳು, ಕಾಗದದ ಪೊಟ್ಟಣದಿಂದ ಹಣ್ಣು ತಿನ್ನುತ್ತ ನಗುತ್ತಿದ್ದ ಹೆಂಡತಿ. ಫೋಟೋ ಇಲ್ಲ, ಬ್ಯಾಟರಿ ಮುಗಿದಿತ್ತಲ್ಲ. “ಆ ಬೆಂಚಿನಲ್ಲಿ ಒಮ್ಮೆ ಕೂರಬೇಕು” ಎಂದರು. ಆಮೇಲೆ ದನಿ ತಗ್ಗಿಸಿ, “ಅದು ಇಲ್ಲವೆಂದಾದರೆ, ಹುಡುಗ ನಾಸಿರ್ ನನ್ನ ಬಗ್ಗೆ ಹೇಳುವುದು ನಿಜ ಎಂದಾಯಿತು” ಎಂದರು. ಬಾಗಿಲು ಹಾಕಿ ಆಡಿದ ಮಾತು ಅವರಿಗೆ ಹೇಗೆ ಗೊತ್ತಾಯಿತೋ.

ನಾಸಿರನಿಗೆ ತಿಳಿಸಿದೆ. ಅವನಿಗೆ ಇದೆಲ್ಲ ತಮಾಷೆಯೂ ಹೌದು, ಸಂಕಟವೂ ಹೌದು. “ಯಾವ ಬೆಂಚಾದರೇನು ಹಮೀದ್? ಒಂದನ್ನು ಕಂಡಾಗ ಇದೇ ಎಂದುಬಿಡು, ಖಲಾಸ್” ಎಂದ. ಮೂರನೇ ದಿನವಿಡೀ ಕಾರಿನಲ್ಲಿ ದಡದುದ್ದ ತಿರುಗಿದರೂ ಸಿಗಲಿಲ್ಲ. ಉಳಿದದ್ದು ಕೊನೆಯ ಒಂದು ದಿನ, ಶುಕ್ರವಾರ. ಶನಿವಾರ ಬೆಳಿಗ್ಗೆ ವಿಮಾನ.

ಶುಕ್ರವಾರ ಮಧ್ಯಾಹ್ನದ ಮೇಲೆ ನಾನು ಬತ್ಹಾದಲ್ಲಿ ಕ್ಷೌರಕ್ಕೆ ಕೂತಿದ್ದೆ. ಮುಲ್ತಾನಿನ ಕ್ಷೌರಿಕ ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ನೊರೆ ಹಚ್ಚುತ್ತಿದ್ದ. ಫೋನ್ ಬಂತು.

“ಹಮೀದ್, ಒಂದು ದೋಣಿ ಕಂಡಿತು. ಎಂಜಿನ್ ಇಲ್ಲದ್ದು, ಮೇಲೆ ಹಗ್ಗಕ್ಕೆ ಕಟ್ಟಿದ್ದು, ಆಚೆಗೂ ಈಚೆಗೂ ದಾಟಿಸುತ್ತದೆ. ಆವತ್ತು ಇಂಥದೇ ಇತ್ತು! ಇವಳು ಅದನ್ನೇ ನೋಡುತ್ತ ಕೂತಿದ್ದಳು.”

“ಹಾಗಾದರೆ ಬೆಂಚು?”

“ಇದೆ. ಹಣ್ಣಿನ ಮರವೂ ಇದೆ. ಆದರೆ ಇದಲ್ಲ.” ಊರುಗೋಲು ಕುಟ್ಟಿದ ಸದ್ದು ಕೇಳಿಸಿತು. “ನದಿ ಉಲ್ಟಾ ಹೋಗುತ್ತಿದೆ, ಹಮೀದ್. ಆವತ್ತು ಬಲದಿಂದ ಎಡಕ್ಕೆ ಹೋಗುತ್ತಿತ್ತು, ನೀನು ಬಾಣ ಹಾಕಿದ ಹಾಗೆಯೇ. ಅವಳು ನಿನ್ನ ಕಾಗದ ಹಿಡಿದು, ಇದೊಂದು ಮಾತ್ರ ಸರಿ ಬರೆದಿದ್ದಾನೆ ಎಂದು ನಕ್ಕಿದ್ದಳು. ಈಗ ಎಡದಿಂದ ಬಲಕ್ಕೆ ಹೋಗುತ್ತಿದೆ. ಆವತ್ತು ನೀರಿಗೆ ಮುಖ ಮಾಡಿ ನಮಾಜ್ ಮಾಡಿದ್ದೆವು. ಇಲ್ಲಿ ಕಿಬ್ಲಾ ನೋಡಿದರೆ ನೀರು ಬೆನ್ನಿಗೆ ಬರುತ್ತದೆ. ನದಿಯೂ ತಿರುಗಿ, ಮಕ್ಕಾವೂ ತಿರುಗಿತೇ? ನನ್ನ ತಲೆಯೇ ಕೆಟ್ಟಿರಬೇಕು.”

ನಾಸಿರ್ ಹೇಳಿದ ಮಾತು ನಾಲಗೆಯ ತುದಿಗೆ ಬಂತು. “ಅದೇ ಬೆಂಚು ಇರಬೇಕು, ಅಬೂ ನಾಸಿರ್. ಹತ್ತು ವರ್ಷವಾಯಿತಲ್ಲ” ಎಂದೆ.

“ನೀನೂ ಹಾಗೆ ಹೇಳಬೇಡ” ಎಂದರು.

ನಾಚಿಕೆಯಾಯಿತು. ಕುರ್ಚಿಯಲ್ಲಿ ಅಲ್ಲಾಡದೆ ಕೂತು ಯೋಚಿಸಿದೆ. ಯಾವುದು ಎಡ, ಯಾವುದು ಬಲ? ಕೈ ಎತ್ತಿ ನೋಡಿದರೆ ಎದುರಿನ ಕನ್ನಡಿಯಲ್ಲಿ ಇನ್ನೊಂದು ಕೈ ಏಳುತ್ತದೆ. ನೊರೆ ಹಚ್ಚಿದ ಕೆನ್ನೆ ಯಾವುದೆಂಬುದೇ ಅನುಮಾನವಾಯಿತು. “ಅರೇ ಭಾಯ್, ದರಿಯಾ ಬಾದ್ ಮೇಂ, ಪೆಹಲೇ ದಾಡಿ” ಎಂದ ಕ್ಷೌರಿಕ, ನದಿ ಆಮೇಲೆ, ಮೊದಲು ಗಡ್ಡ ಎಂದು. ನಾನು ಕಣ್ಣು ಮುಚ್ಚಿದೆ. ಕಣ್ಣು ಮುಚ್ಚಿದರೆ ಎದುರಿಗೆ ಬಂದದ್ದು ಡ್ಯಾನ್ಯೂಬ್ ಅಲ್ಲ, ನೇತ್ರಾವತಿಯ ಕಡವು. ನಡುನೀರಿನಲ್ಲಿ ಅಂಗಿ ಹಿಡಿದು ಕೂರಿಸಿದ ಸಂಜೀವಣ್ಣ. ತಿರುಗಿ ನಿಂತದ್ದು ನೀನು.

ಎದ್ದು ನಿಂತುಬಿಟ್ಟೆ. ಕುತ್ತಿಗೆಗೆ ಸುತ್ತಿದ ಬಟ್ಟೆ ಕಾಲಿಗೆ ಬಿತ್ತು.

“ಅಬೂ ನಾಸಿರ್, ನಿಮ್ಮ ತಲೆ ಸರಿಯಾಗಿದೆ! ನೀವು ಈಗ ಇನ್ನೊಂದು ದಡದಲ್ಲಿದ್ದೀರಿ. ಆವತ್ತು ದೋಣಿ ನಿಮ್ಮನ್ನು ಇಳಿಸಿದ್ದು ಎದುರು ದಡದಲ್ಲಿ. ಡ್ರೈವರ್ ಎರಡು ದಿನದಿಂದ ನೀವಿರುವ ದಡದ ರಸ್ತೆಯಲ್ಲೇ ತಿರುಗಿಸುತ್ತಿದ್ದಾನೆ. ಆ ದೋಣಿ ಹತ್ತಿ. ಹತ್ತಿ ದಾಟಿ.”

“ಕಾರು?”

“ಕಾರು ಅಲ್ಲೇ ಇರಲಿ. ಯಲ್ಲಾ, ಹತ್ತಿ!”

ಫೋನ್ ಇಡಬೇಡಿ ಎಂದು ನಾನು ಹೇಳಲಿಲ್ಲ, ಅವರೂ ಇಡಲಿಲ್ಲ. ಬತ್ಹಾದ ಬೀದಿಯಲ್ಲಿ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ನಾನು ಒಂದು ಕಿವಿಗೆ ಬೆರಳು ಹಾಕಿ, ಇನ್ನೊಂದನ್ನು ಫೋನಿಗೆ ಒತ್ತಿದೆ. ಊರುಗೋಲು ಹಲಗೆಯ ಮೇಲೆ ಟಕ್ ಟಕ್ ಎಂದಿತು. ಮತ್ತೆ ಎಂಜಿನ್ ಇಲ್ಲದ ದೋಣಿಯ ಅಡಿಗೆ ನೀರು ಬಡಿಯುವ ಸದ್ದು. ಆ ಸದ್ದು ನನಗೆ ಚೆನ್ನಾಗಿ ಗೊತ್ತು, ಹತ್ತು ವರ್ಷ ಶಾಲೆಗೆ ಹೋದದ್ದು ಅದರ ಮೇಲೆ. ಅಲ್ಲಿ ಬೆಂಚು ಇಲ್ಲದಿದ್ದರೆ? ಕಿತ್ತುಹಾಕಿ ಅಂಗಡಿ ಕಟ್ಟಿದ್ದರೆ? ಮುಲ್ತಾನಿನವನೂ ಕತ್ತಿ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ.

ಟಕ್ ಟಕ್. ಕಲ್ಲಿನ ಮೇಲೆ. ಹುಲ್ಲಿನ ಮೇಲೆ ಸದ್ದಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಉಸಿರು, ಮುದುಕರು ಕೂರುವಾಗ ಬಿಡುವಂಥದು.

“ಹಮೀದ್.”

“ಹೇಳಿ, ಅಬೂ ನಾಸಿರ್.”

“ಬಲದಿಂದ ಎಡಕ್ಕೆ.”

ಅವರೇ ಮುಂದುವರಿಸಿದರು. “ಆವತ್ತು ಇವಳು ಇಲ್ಲಿಂದ ಏಳಲೇ ಒಪ್ಪಲಿಲ್ಲ. ಇಷ್ಟು ವರ್ಷದಲ್ಲಿ ಹಮೀದ್ ಸುಮ್ಮನೆ ಕೂರುವುದಕ್ಕೆ ಸಮಯ ಕೊಟ್ಟದ್ದು ಇವತ್ತೊಂದೇ ದಿನ ಎಂದಳು. ಅವನಿಗೆ ಎರಡು ಬಾಟಲಿ ತಗೊಳ್ಳಿ ಎಂದಳು. ನಾನು ನಿನಗೆ ಹೇಳಲಿಲ್ಲ. ಹೇಳಿದರೆ ನೀನು ಮತ್ತೆ ತಪ್ಪು ಬರೆಯಲು ಶುರು ಮಾಡುತ್ತೀಯ ಎಂದುಕೊಂಡೆ.”

ಅವರು ನಕ್ಕರು. ನಾನೂ ನಕ್ಕೆ. ನಗುತ್ತ ಕಣ್ಣು ಒರೆಸಿಕೊಳ್ಳಲು ಹೋಗಿ ಕಣ್ಣಿಗೆಲ್ಲ ನೊರೆ ಮಾಡಿಕೊಂಡೆ.

“ಈಗ ಬರ್ನಾಮಜ್‌ನಲ್ಲಿ ಏನಿದೆ?” ಎಂದು ಕೇಳಿದರು.

ಪಟ್ಟಿ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ತೆಗೆದು ಬಿಚ್ಚಿದೆ. ಮೂರೂ ಮುಕ್ಕಾಲಿಗೆ ಕೋಟೆ, ನಾಲ್ಕೂವರೆಗೆ ಮೆಲ್ಕ್‌ನ ಹಳೆಯ ಮಠ, ಐದೂ ಕಾಲಿಗೆ ಶೌಚಾಲಯ, ಐದೂವರೆಗೆ ವಿಯೆನ್ನಾದ ದಾರಿ. ಮತ್ತೆ ಮಡಚಿ ಜೇಬಿಗೆ ಹಾಕಿದೆ.

“ಏನೂ ಇಲ್ಲ, ಅಬೂ ನಾಸಿರ್. ಸುಮ್ಮನೆ ಕೂತುಕೊಳ್ಳಿ.”